ಏನೂ ಮಾಡಲಾರದ ಮೀನು

ಕೇಳುಗರೇ, ನಮಸ್ಕಾರ.

ಇಂದು ನಿಮ್ಮೊಡನೆ ಒಂದು ಮೀನಿನ ಬಗ್ಗೆ ಮಾತನಾಡುತ್ತೇನೆ. ಅದರ ಹೆಸರು ಮ್ಯಾಜಿಕಾರ್ಪ್. 1996ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದ, ಜೀವಿಗಳನ್ನು ಹಿಡಿದು ಸಾಕಿ ಕಾಳಗಕ್ಕಿಳಿಸುವ ಮೊದಲ ಪೋಕೆಮಾನ್ ಆಟದ 151 ಜೀವಿಗಳಲ್ಲಿ ಇದೂ ಒಂದು. ಬಣ್ಣವಿಲ್ಲದ ಪುಟ್ಟ ಪರದೆ, ನಾಲ್ಕೇ ಛಾಯೆ. ಅದರಲ್ಲಿ ಈ ಮೀನು ಬಾಯಿ ತೆರೆದುಕೊಂಡು ನಿಂತಿರುತ್ತದೆ.

ಅದಕ್ಕೆ ಬರುವುದು ಒಂದೇ ವಿದ್ಯೆ, ಎಗರಾಡುವುದು. ಎಷ್ಟು ಎಗರಾಡಿದರೂ ಎದುರಾಳಿಗೆ ಒಂದು ಗೀರೂ ಬೀಳುವುದಿಲ್ಲ. 15ನೆಯ ಲೆವೆಲ್‌ಗೆ ಬಂದಾಗ ಮೈಯಿಂದ ಗುದ್ದಲು ಕಲಿಯುತ್ತದೆ. ಅಲ್ಲಿಯವರೆಗೆ ಹೊಣೆಯೆಲ್ಲ ಸಾಕುವವರದು. ಕಾಳಗ ಶುರುವಾದಾಗ ಮೀನನ್ನು ಮುಂದೆ ನಿಲ್ಲಿಸಬೇಕು, ಒಡನೆಯೇ ಹಿಂದಕ್ಕೆ ಕರೆದು ಬಲಶಾಲಿಯೊಂದನ್ನು ಇಳಿಸಬೇಕು. ಎದುರಾಳಿಯ ಮೊದಲ ಏಟು ಬದಲಿಗೆ ಬಂದವನ ಮೇಲೆ ಬೀಳುತ್ತದೆ. ಗೆದ್ದರೆ ಅನುಭವದ ಅಂಕದಲ್ಲಿ ಮೀನಿಗೂ ಪಾಲು. ಹೀಗೆ ಮತ್ತೆ ಮತ್ತೆ, ಕಾಡುಜೀವಿಗಳು ಎದುರಾಗುವ ಹುಲ್ಲಿನಲ್ಲಿ ಅಲೆದಾಡುತ್ತಾ. 20ನೆಯ ಲೆವೆಲ್ ಮುಟ್ಟಿದ ಕ್ಷಣ ಆಕೃತಿ ಮಿನುಗುತ್ತದೆ, ಮೀನಿದ್ದ ಜಾಗದಲ್ಲಿ ಗ್ಯಾರಡೋಸ್ ಎಂಬ ಭಾರೀ ಸರ್ಪ ಎದ್ದು ನಿಲ್ಲುತ್ತದೆ. ಆ ಆಟದಲ್ಲಿ ನನಗೆ ಇದಕ್ಕಿಂತ ದೊಡ್ಡ ಗೆಲುವು ಬೇರೆ ಇಲ್ಲ.

ಈ ಸಾಕಣೆಗೆ ಲೆಕ್ಕದ ಆಧಾರವೂ ಇದೆ. ಸೋಲಿಸಿದ ಪ್ರತಿ ಎದುರಾಳಿಯ ಗುಣಬಲ ಸಾಕಿದ ಜೀವಿಯ ಖಾತೆಗೆ ಕಣ್ಣಿಗೆ ಕಾಣದಂತೆ ಜಮೆಯಾಗುತ್ತದೆ. ಆದ್ದರಿಂದ ಒಂದೇ ಜಾತಿಯ, ಒಂದೇ ಲೆವೆಲ್‌ನ ಎರಡರಲ್ಲಿ, ಹುಟ್ಟುಗುಣ ಸಮನಾಗಿದ್ದರೆ, ಈಗಷ್ಟೇ ಹಿಡಿದದ್ದಕ್ಕಿಂತ ಸಾಕಿ ಬೆಳೆಸಿದ್ದು ಗಟ್ಟಿ. ಕಾಳಗದಲ್ಲಿ ತೋರುವುದು ಸಾಕಿದವರ ತಾಳ್ಮೆಯೇ.

ಆಟದ ಸೃಷ್ಟಿಕರ್ತ ಸತೋಶಿ ತಜಿರಿ ಬಾಲ್ಯದಲ್ಲಿ ಹುಳು ಹಿಡಿಯುತ್ತಿದ್ದವರು. ಎರಡು ಗೇಮ್ ಬಾಯ್‌ಗಳನ್ನು ಜೋಡಿಸುವ ಕೇಬಲ್ ಕಂಡಾಗ ಅವರಿಗೆ ಅದರ ಮೇಲೆ ಹುಳುಗಳು ಹರಿದಾಡುವಂತೆ ತೋರಿತಂತೆ. ಹಾಂಟರ್ ಎಂಬ ಭೂತವನ್ನು ಆ ಕೇಬಲ್ ದಾಟಿಸಿ ಇನ್ನೊಬ್ಬರಿಗೆ ಕೊಟ್ಟರೆ ಮಾತ್ರ ಅದು ಗೆಂಗಾರ್ ಎಂಬ ಇನ್ನೂ ಬಲಶಾಲಿ ಭೂತವಾಗುತ್ತದೆ. ಸಾಕಿದ್ದನ್ನು ಕೈಬಿಟ್ಟರೇನೇ ಅದು ಬೆಳೆಯುವುದು!

ಕೊನೆಗೊಂದು ವಿನಂತಿ. ಈ ಜೀವಿಗಳ ನೆನಪು ಉಳಿದಿರುವುದು ಕಾರ್ಟ್ರಿಜ್‌ನೊಳಗಿನ, ಅಂದರೆ ಆಟ ತುಂಬಿದ ಪುಟ್ಟ ಡಬ್ಬಿಯೊಳಗಿನ, ನಾಣ್ಯದಂಥ ಬ್ಯಾಟರಿಯಿಂದ. ಅದು ಮುಗಿದರೆ ಎಲ್ಲವೂ ಅಳಿದುಹೋಗುತ್ತದೆ. ನಿಮ್ಮ ಪೆಟ್ಟಿಗೆಯಲ್ಲೂ ಹಳೆಯ ಕಾರ್ಟ್ರಿಜ್ ಇದ್ದರೆ ಇಂದೇ ಹಾಕಿ ನೋಡಿ. ಮೊದಲ ಪಟ್ಟಿಯಲ್ಲಿ 'ಮುಂದುವರಿಸಿ' ಎಂಬರ್ಥದ ಸಾಲು ಕಂಡರೆ, ನಿಮ್ಮ ಮೀನು ಇನ್ನೂ ಅಲ್ಲೇ ಇದೆ.