ಪಕ್ಕದಲ್ಲಿ ಕೂರುವವರು

ಕೇಳುಗರಿಗೆಲ್ಲ ನಮಸ್ಕಾರ.

ಒಂದು ಬೆಕ್ಕಿನಿಂದ ಮಾತು ಶುರು ಮಾಡುತ್ತೇನೆ. ಸ್ಕ್ರ್ಯಾಚ್ ಎಂಬ ತಂತ್ರಾಂಶ ತೆರೆದರೆ ಪರದೆಯ ಮೇಲೆ ಕಾಣಿಸುವ ಕಿತ್ತಳೆ ಬಣ್ಣದ ಬೆಕ್ಕು. ಮಕ್ಕಳು ಆಡುತ್ತ ಕೋಡಿಂಗ್, ಅಂದರೆ ಕಂಪ್ಯೂಟರಿಗೆ ಹಂತಹಂತವಾಗಿ ಆದೇಶ ಬರೆಯುವುದನ್ನು, ಕಲಿಯಲಿ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಇದನ್ನು ಉಚಿತವಾಗಿ ಜಗತ್ತಿಗೆ ಕೊಟ್ಟರು. ಸಾಲು ಸಾಲಾಗಿ ಟೈಪ್ ಮಾಡುವ ಗೋಜಿಲ್ಲ. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸುತ್ತ ಹೋದರೆ ಬೆಕ್ಕು ನಡೆಯುತ್ತದೆ, ಕುಣಿಯುತ್ತದೆ, ಮಿಯಾಂವ್ ಅನ್ನುತ್ತದೆ.

ನಾನು ಸ್ವಯಂಸೇವಕಿಯಾಗಿ ಹೋಗುತ್ತಿದ್ದ ಶನಿವಾರದ ತರಗತಿಯಲ್ಲಿ ಒಬ್ಬ ಹುಡುಗಿಯ ಬೆಕ್ಕು ಪರದೆಯ ಅಂಚಿಗೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಂಡಿತು. ಅವಳು ಮೌಸನ್ನು ನನ್ನ ಕಡೆ ತಳ್ಳಿ, "ನೀವೇ ಸರಿಮಾಡಿ ಕೊಡಿ ಮಿಸ್" ಅಂದಳು. ನನ್ನ ಕೈ ಆಗಲೇ ಮುಂದೆ ಹೋಗಿತ್ತು, ಹಿಂದಕ್ಕೆ ಎಳೆದುಕೊಂಡೆ. "ಬೆಕ್ಕಿಗೆ ಏನೇನು ಹೇಳಿದ್ದೀಯ, ಒಂದ್ಸಲ ಜೋರಾಗಿ ಓದು ಪುಟ್ಟಿ" ಅಂದೆ. ಓದಿದಳು. ಹತ್ತು ಹೆಜ್ಜೆ ನಡೆ. ಅದನ್ನೇ ಮಾಡುತ್ತಿರು. ಇನ್ನೊಮ್ಮೆ ಓದಿದಳು. ಮೂರನೇ ಸಲ ಅರ್ಧಕ್ಕೇ ನಿಲ್ಲಿಸಿ, "ಅಯ್ಯೋ ಮಿಸ್, ತಿರುಗು ಅಂತ ನಾನು ಹೇಳೇ ಇಲ್ಲ!" ಅಂದಳು.

ಅಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಿತು. ನಾನೇ ಮಾಡಿಕೊಟ್ಟಿದ್ದರೆ ಹತ್ತು ಸೆಕೆಂಡಿನ ಕೆಲಸ. ಆದರೆ ತಪ್ಪನ್ನು ಹುಡುಕಿದ್ದು ನಾನಾಗುತ್ತಿದ್ದೆ.

ಶಿಕ್ಷಣ ಮತ್ತು ತಂತ್ರಜ್ಞಾನದ ಮೂಲಕ ಎಳೆಯರಿಗೆ ಬಲ ತುಂಬಬೇಕೆಂದು ಹೊರಟ ಸ್ವಯಂಸೇವಾ ಸಂಸ್ಥೆಗಳು ಜಗತ್ತಿನಲ್ಲಿ ಸಾಕಷ್ಟಿವೆ. ಅವುಗಳ ಕೆಲಸವನ್ನು ನೋಡುವಾಗಲೆಲ್ಲ ನಾನು ಹುಡುಕುವುದು ಆ ನಾಲ್ಕು ನಿಮಿಷವನ್ನು.

ಅದೇ ಎಂಐಟಿಯ ಪ್ರಾಧ್ಯಾಪಕ ನಿಕೋಲಸ್ ನೆಗ್ರೊಪಾಂಟೆಯವರು 2005ರಲ್ಲಿ ಪ್ರತಿ ಮಗುವಿಗೂ ಒಂದು ಲ್ಯಾಪ್‌ಟಾಪ್ ಕೊಡುವ ಯೋಜನೆ ಪ್ರಕಟಿಸಿದಾಗ ಎಲ್ಲರೂ ಕಣ್ಣರಳಿಸಿ ನೋಡಿದ್ದೆವು. ನೂರು ಡಾಲರಿನ, ಬಿಸಿಲಲ್ಲೂ ಪರದೆ ಓದಬಹುದಾದ, ಹಸಿರು ಬಿಳಿ ಬಣ್ಣದ ಪುಟ್ಟ ಯಂತ್ರ. ಬೆಲೆ ನೂರಕ್ಕೆ ನಿಲ್ಲಲಿಲ್ಲ, ಅದಿರಲಿ. ಪೆರು ದೇಶ ಲಕ್ಷಗಟ್ಟಲೆ ಯಂತ್ರಗಳನ್ನು ತರಿಸಿ ಮಕ್ಕಳಿಗೆ ಹಂಚಿತು. 2012ರಲ್ಲಿ ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳ ಅಧ್ಯಯನ ಹೊರಬಂತು. ಲ್ಯಾಪ್‌ಟಾಪ್ ಸಿಕ್ಕ ಶಾಲೆಗಳ ಮಕ್ಕಳು ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಉಳಿದವರಿಗಿಂತ ಮುಂದೆ ಹೋಗಿರಲಿಲ್ಲ. ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ತುಸು ಲಾಭ ಕಂಡಿತ್ತು, ಅದನ್ನೂ ಹೇಳಬೇಕು. ಆ ಶಾಲೆಗಳಲ್ಲಿ ಇಂಟರ್ನೆಟ್ ಇರಲಿಲ್ಲ ಎಂದೇ ಹೇಳಬಹುದು. ಯಂತ್ರ ಕೈಗೆ ಬಂದ ಮೇಲೆ ಪಾಠ ಹೇಗೆ ಬದಲಾಗಬೇಕು ಎಂಬ ಯೋಚನೆಗೆ ಯಂತ್ರಕ್ಕೆ ಸಿಕ್ಕಷ್ಟು ಗಮನ ಸಿಕ್ಕಿರಲಿಲ್ಲ.

ಇಂಟರ್ನೆಟ್ ಇಲ್ಲದ ಕೊರತೆಗೆ ಉಪಾಯವಿದೆ. ಲರ್ನಿಂಗ್ ಈಕ್ವಾಲಿಟಿ ಎಂಬ ಸಂಸ್ಥೆಯ ಕೊಲಿಬ್ರಿ ತಂತ್ರಾಂಶವನ್ನೇ ನೋಡಿ. ಸಂಪರ್ಕವಿರುವ ಕಡೆ ಪಾಠ, ವಿಡಿಯೊ, ಅಭ್ಯಾಸಗಳನ್ನು ಒಮ್ಮೆ ಇಳಿಸಿಕೊಂಡರಾಯಿತು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಅವನ್ನೆಲ್ಲ ತುಂಬಿ ಕೋಣೆಯ ಮೂಲೆಯಲ್ಲಿಟ್ಟರೆ, ಸುತ್ತ ಕೂತ ಮಕ್ಕಳ ಹಳೆಯ ಫೋನು, ಟ್ಯಾಬ್‌ಗಳಿಗೆಲ್ಲ ಅದೇ ಗ್ರಂಥಾಲಯ. ಇಂಥ ಕೆಲಸ ಮಾಡಿದವರ ಮೇಲೆ ನನಗೆ ತುಂಬ ಗೌರವವಿದೆ.

ಆದರೆ ಜನರ ಕೊರತೆಗೆ ತಂತ್ರಾಂಶವಿಲ್ಲ. ಅದನ್ನು ಸರಿಯಾಗಿ ಹಿಡಿದದ್ದು ಕೋಡರ್‌ಡೋಜೊ. 2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದಲ್ಲಿ ಜೇಮ್ಸ್ ವೆಲ್ಟನ್ ಎಂಬ ತರುಣ, ಉದ್ಯಮಿ ಬಿಲ್ ಲಿಯಾವ್ ಅವರೊಂದಿಗೆ ಸೇರಿ ಆರಂಭಿಸಿದ ಕೋಡಿಂಗ್ ಕೂಟ. ಏಳರಿಂದ ಹದಿನೇಳು ವಯಸ್ಸಿನ ಯಾರಿಗೂ ಶುಲ್ಕವಿಲ್ಲ, ಪರೀಕ್ಷೆಯಿಲ್ಲ, ನಡೆಸುವವರೆಲ್ಲ ಸ್ವಯಂಸೇವಕರು. ಅಲ್ಲಿನ ರೂಢಿಯೊಂದು ನನಗೆ ಬಹಳ ಇಷ್ಟ: ಮೊದಲು ಮೂವರನ್ನು ಕೇಳು, ಆಮೇಲೆ ನನ್ನನ್ನು ಕೇಳು. ಅಂದರೆ ಪಕ್ಕದ ಗೆಳೆಯರನ್ನು ಕೇಳಿದ ಮೇಲೆಯೇ ಮಾರ್ಗದರ್ಶಕರ ಹತ್ತಿರ ಬರಬೇಕು. ಹೇಳಿಕೊಡುವ ಹಕ್ಕು ಮಕ್ಕಳದೂ ಆಗುತ್ತದೆ.

ದಾನಿಗಳಲ್ಲಿ ನನ್ನದೊಂದು ಕೋರಿಕೆ. ಟ್ಯಾಬ್‌ಗಳ ಪೆಟ್ಟಿಗೆ ಬಿಚ್ಚುವ ದಿನ ಫೋಟೊ ತೆಗೆಯಲು ಎಲ್ಲರೂ ಬರುತ್ತಾರೆ. ಎರಡು ವರ್ಷದ ಮೇಲೆ ಬ್ಯಾಟರಿ ಊದಿಕೊಂಡಾಗ ಬದಲಿಸಲು ಹಣವಿರುವುದಿಲ್ಲ. ವಾರವಾರವೂ ಬರುವ ಮಾರ್ಗದರ್ಶಕರ ಬಸ್ ಖರ್ಚಿಗೆ ಅರ್ಜಿಯಲ್ಲಿ ಒಂದು ಕಾಲಮ್ಮೂ ಇರುವುದಿಲ್ಲ. ದಯವಿಟ್ಟು ಆ ಕಾಲಮ್ ಸೇರಿಸಿ.

"ನಮಗೆ ಕಂಪ್ಯೂಟರ್ ಬರೋದಿಲ್ಲವಲ್ಲ" ಎಂದು ಹಿಂಜರಿಯುವ ಹಿರಿಯರಿಗೂ ಒಂದು ಮಾತು. ನಮ್ಮ ತರಗತಿಗೆ ನಿವೃತ್ತ ಲೆಕ್ಕಿಗರೊಬ್ಬರು ಬರುತ್ತಿದ್ದರು. ಕೋಡಿಂಗಿನ ಗಂಧವೂ ಅವರಿಗಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, "ಇದೇನಪ್ಪ, ನನಗೆ ಅರ್ಥವಾಗೋ ಹಾಗೆ ಹೇಳು" ಎಂದು ಕೇಳುತ್ತಿದ್ದರು. ಅದು ನಟನೆಯಲ್ಲ, ನಿಜವಾಗಿಯೂ ಅವರಿಗೆ ಅರ್ಥವಾಗುತ್ತಿರಲಿಲ್ಲ. ಮಕ್ಕಳು ವಿವರಿಸುತ್ತ ವಿವರಿಸುತ್ತ ನಡುವೆ ಥಟ್ಟನೆ ಮಾತು ನಿಲ್ಲಿಸಿ, "ಒಂದ್ನಿಮಿಷ ತಾತ" ಎಂದು ಪರದೆಯ ಕಡೆ ತಿರುಗಿಬಿಡುತ್ತಿದ್ದರು. ತಾತ ಸುಮ್ಮನೆ ಕಾಯುತ್ತಿದ್ದರು.

ನಮಸ್ಕಾರ.