ಓಡಿಸಿ ನೋಡಬೇಡಿ: ಹಳೆಯ ಜಪಾನಿ ಅನಿಮೆ ಬಗ್ಗೆ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಹಳೆಯ ಜಪಾನಿ ಅನಿಮೆ, ಅಂದರೆ ಅಲ್ಲಿನ ಕಾರ್ಟೂನು ಧಾರಾವಾಹಿಗಳ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಹಳೆಯದು ಅಂದರೆ ಕೈಯಲ್ಲೇ ಚಿತ್ರ ಬರೆದು, ಸೆಲ್ ಅನ್ನುವ ಪಾರದರ್ಶಕ ಹಾಳೆಯ ಮೇಲೆ ಬಣ್ಣ ಹಚ್ಚಿ, ಒಂದೊಂದನ್ನೇ ಕ್ಯಾಮೆರಾ ಕೆಳಗೆ ಇಟ್ಟು ತೆಗೆದ ಕಾಲದ್ದು. 1960ರ ದಶಕದಿಂದ 1990ರ ದಶಕದವರೆಗೆ ಅಂತ ಇಟ್ಟುಕೊಳ್ಳಿ. ಈಗ ಕೇಳುತ್ತಿರುವವರಲ್ಲಿ ಕಾಲೇಜು ಮಕ್ಕಳಿದ್ದೀರಿ, ಅವರ ಅಪ್ಪ ಅಮ್ಮಂದಿರೂ ಇದ್ದೀರಿ ಅಂದುಕೊಂಡಿದ್ದೇನೆ. ನಿಮಗೆಲ್ಲ ನಾನು ಹೇಳಬೇಕಾದದ್ದು ಒಂದೇ ಮಾತು. ಇವನ್ನು ಓಡಿಸಿ ನೋಡಬೇಡಿ.

ಈಗ ಮೊಬೈಲಿನಲ್ಲಿ ಒಂದು ಬಟನ್ ಇರುತ್ತದೆ ಅಲ್ವಾ, ಒಂದೂವರೆ ಪಟ್ಟು ವೇಗ, ಎರಡು ಪಟ್ಟು ವೇಗ ಅಂತ. ಹಾಡು ಬಂದರೆ ದಾಟಿಸು, ಮಾತಿಲ್ಲದ ಜಾಗ ಬಂದರೆ ಬೆರಳಲ್ಲಿ ಎರಡು ಸಲ ತಟ್ಟು, ಒಂದೇ ರಾತ್ರಿ ಹನ್ನೆರಡು ಎಪಿಸೋಡ್ ಮುಗಿಸು. ಹಾಗೆ ನೋಡಿ ಬೆಳಿಗ್ಗೆ ಬಂದು ‘ಹಳೇ ಅನಿಮೆ ಬೋರು’ ಅಂತ ತೀರ್ಪು ಕೊಡುತ್ತಾರೆ. ಯಕ್ಷಗಾನಕ್ಕೆ ಹೋಗಿ ಒಡ್ಡೋಲಗ ಎಲ್ಲ ಬೇಡ, ನೇರ ಯುದ್ಧಕ್ಕೆ ಬನ್ನಿ ಅಂತ ಭಾಗವತರಿಗೆ ಹೇಳಿದ ಹಾಗಾಯಿತು ಇದು.

ಅಪ್ಪ ಅಮ್ಮಂದಿರೇ, ಅನಿಮೆ ಮಕ್ಕಳ ಹುಚ್ಚು, ನಮಗೆ ಗೊತ್ತಿಲ್ಲ ಅನ್ನಬೇಡಿ. ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ದೂರದರ್ಶನದಲ್ಲಿ ಭಾನುವಾರ ‘ಜಂಗಲ್ ಬುಕ್’ ಬರುತ್ತಿತ್ತಲ್ಲ, ಮೋಗ್ಲಿ, ಬಗೀರ, ಬಲೂ? ಅದು ಜಪಾನಿನದು. 1989ರಲ್ಲಿ ಅಲ್ಲಿನ ಟಿವಿಯಲ್ಲಿ ಶುರುವಾದ 52 ಕಂತುಗಳ ಧಾರಾವಾಹಿ. ಇಲ್ಲಿಗೆ ಬಂದಾಗ ಹಿಂದಿ ಹಾಡು ಬರೆದವರು ಗುಲ್ಜಾರ್, ಸಂಗೀತ ವಿಶಾಲ್ ಭಾರದ್ವಾಜ್, ಶೇರ್ ಖಾನ್‌ಗೆ ದನಿ ಕೊಟ್ಟವರು ನಾನಾ ಪಾಟೇಕರ್. ಹಿಂದಿ ಬರದ ಮನೆಗಳಲ್ಲೂ ಆ ಹಾಡು ಬಾಯಿಪಾಠ ಆಗಿತ್ತು. ಯಾಕೆ? ವಾರಕ್ಕೆ ಒಂದೇ ಕಂತು, ದಾಟಿಸುವುದಕ್ಕೆ ಬಟನ್ ಇರಲಿಲ್ಲ, ಮೋಗ್ಲಿ ನಿಮ್ಮ ಮನೆಯಲ್ಲೇ ದೊಡ್ಡವನಾದ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಜಪಾನಿನಲ್ಲಿ ವಾರಕ್ಕೊಂದು ಅರ್ಧ ಗಂಟೆಯ ಕಥೆ ಅನ್ನುವ ಪದ್ಧತಿ ಗಟ್ಟಿಯಾಗಿ ಕಾಲೂರಿದ್ದು ‘ಆಸ್ಟ್ರೋ ಬಾಯ್’ನಿಂದ, 1963ರ ಜನವರಿ 1ರಂದು. ಹಾರಾಡುವ ರೋಬೋ ಹುಡುಗನ ಕಥೆ, ಅದನ್ನು ಮಾಡಿದವರು ತೆಜುಕಾ ಒಸಾಮು. ದುಡ್ಡು ಕಮ್ಮಿ, ಸಮಯ ಇನ್ನೂ ಕಮ್ಮಿ. ಫಿಲ್ಮು ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ಅಷ್ಟಕ್ಕೂ ಬೇರೆ ಬೇರೆ ಚಿತ್ರ ಬರೆಯುತ್ತಾ ಕೂತರೆ ಒಂದು ವಾರ ಎಲ್ಲಿ ಸಾಕು? ಹಾಗಾಗಿ ಒಂದು ಚಿತ್ರವನ್ನು ಮೂರು ಫ್ರೇಮ್ ನಿಲ್ಲಿಸಿದರು. ಸೆಕೆಂಡಿಗೆ 8 ಚಿತ್ರ. ಮಾತಾಡುವಾಗ ಮುಖ ಹಾಗೇ ಇರುತ್ತದೆ, ಬಾಯಿ ಮಾತ್ರ ಆಡುತ್ತದೆ. ಒಮ್ಮೆ ಬರೆದ ಹಾರಾಟವನ್ನು ಎತ್ತಿಟ್ಟುಕೊಂಡು ಇನ್ನೊಂದು ಕಂತಿಗೂ ಬಳಸಿದರು. ಈಗಿನ ಮಕ್ಕಳು ಇದನ್ನು ನೋಡಿ ‘ಚಿತ್ರ ಅಲ್ಲಾಡೋದೇ ಇಲ್ಲ’ ಅನ್ನುತ್ತಾರೆ. ಸರಿ, ಅಲ್ಲಾಡುವುದಿಲ್ಲ. ಆದರೆ ಮುಂದೆ ಬಂದವರು ಆ ನಿಂತ ಚಿತ್ರದಿಂದಲೇ ಕೆಲಸ ತೆಗೆದರು. ನಿಲ್ಲಿಸಿದ್ದನ್ನು ನೀವು ಓಡಿಸಿದರೆ ಅವರು ಮಾಡಿದ ಕೆಲಸ ಕಾಣುವುದೇ ಇಲ್ಲ.

ನನಗೆ ತುಂಬಾ ಇಷ್ಟವಾದದ್ದಕ್ಕೆ ಬರುತ್ತೇನೆ. 1974ರ ‘ಹೈಡಿ’. ಯೋಹಾನಾ ಸ್ಪೀರಿ ಅವರ ಸ್ವಿಸ್ ಕಾದಂಬರಿಯಿಂದ ಬಂದ ಕಥೆ. ಅಪ್ಪ ಅಮ್ಮ ಇಲ್ಲದ ಐದು ವರ್ಷದ ಹುಡುಗಿ, ಬೆಟ್ಟದ ಮೇಲೆ ಒಂಟಿಯಾಗಿರುವ ಸಿಡುಕು ಅಜ್ಜ, ಮೇಕೆ ಕಾಯುವ ಪೀಟರ್. ನಿರ್ದೇಶನ ತಕಹಾತ ಇಸಾವೊ, ಪಾತ್ರಗಳ ಮುಖ ಮೈಕಟ್ಟು ಕೊತಾಬೆ ಯೋಯಿಚಿ, ಪ್ರತಿ ದೃಶ್ಯದಲ್ಲಿ ಏನು ಎಲ್ಲಿರಬೇಕು ಅಂತ ಬರೆದುಕೊಟ್ಟವರು ಮಿಯಾಜಾಕಿ ಹಯಾವೊ. 1973ರಲ್ಲಿ ಇವರೆಲ್ಲ ಸ್ವಿಟ್ಜರ್ಲೆಂಡಿಗೆ ಹೋಗಿ ಆ ಬೆಟ್ಟ, ಆ ಮನೆಗಳನ್ನು ಕಣ್ಣಾರೆ ನೋಡಿ ಬಂದರು. ಟಿವಿ ಅನಿಮೆಗೋಸ್ಕರ ವಿದೇಶಕ್ಕೆ ಹೋಗಿ ಜಾಗ ನೋಡುವುದು ಆ ಕಾಲದಲ್ಲಿ ಸಣ್ಣ ಮಾತಲ್ಲ.

ನನ್ನ ಅಕ್ಕನ ಮಗಳು ಕಾಲೇಜಿನಲ್ಲಿ ಓದುತ್ತಾಳೆ, ಅನಿಮೆ ಅಂದರೆ ಪ್ರಾಣ, ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತಾಳೆ. ಹೈಡಿ ನೋಡು ಅಂತ ನಾನು ಹೇಳಿದ್ದಕ್ಕೆ ಮೊಬೈಲಿನಲ್ಲಿ ನೋಡಿ, ‘ಚಿಕ್ಕಮ್ಮ, ಅದರಲ್ಲಿ ಏನೂ ಆಗೋದೇ ಇಲ್ಲ, ಮೊದಲನೇ ಎಪಿಸೋಡ್ ಪೂರ್ತಿ ನಡೀತಾನೇ ಇದಾರೆ’ ಅಂದಳು. ನಿಜ, ಇಡೀ ಕಂತು ಬೆಟ್ಟ ಹತ್ತುವುದೇ. ನಾನು ವಾದ ಮಾಡಲಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ಹಾಲಿನ ಟಿವಿಗೆ ಹಾಕಿ ಕೂರಿಸಿದೆ. ನಮ್ಮ ಅಮ್ಮ ಪಕ್ಕದಲ್ಲೇ ಪೇಪರು ಹಾಸಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು.

ಅಮ್ಮನಿಗೆ ಜಪಾನಿ ಬಾರದು, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದುವಷ್ಟು ಹೊತ್ತಿಗೆ ಅದು ಹೋಗಿರುತ್ತದೆ. ಹಾಗಾಗಿ ಮೊಮ್ಮಗಳು ನಿಲ್ಲಿಸಿ ನಿಲ್ಲಿಸಿ ಹೇಳಬೇಕಾಯಿತು. ಡೇಟೆ ಚಿಕ್ಕಮ್ಮ ಹೈಡಿಯ ಕೈ ಹಿಡಿದು ದರದರ ಎಳೆದುಕೊಂಡು ಹತ್ತುತ್ತಾಳೆ. ಹುಡುಗಿ ಉಂಡೆ ಉಂಡೆಯಾಗಿದ್ದಾಳೆ, ಕೆನ್ನೆ ಕೆಂಪಾಗಿದೆ, ಕಾಲು ಎಡವುತ್ತಿದೆ. ಅಮ್ಮ ಕೈಯಲ್ಲಿದ್ದ ಹುಣಸೆಹಣ್ಣು ಬಿಟ್ಟು ಕೇಳಿದರು, ‘ಆ ಮಗೂಗೆ ಯಾಕೆ ಅಷ್ಟೊಂದು ಬಟ್ಟೆ? ಅಲ್ಲಿ ಚಳಿನಾ?’

‘ಇಲ್ಲ ಅಜ್ಜಿ, ಬಟ್ಟೆ ಗಂಟು ಹೊರೋದು ತಪ್ಪಲಿ ಅಂತ ಇದ್ದದ್ದೆಲ್ಲಾ ಮೈಮೇಲೆ ಹಾಕ್ಬಿಟ್ಟಿದಾರೆ.’

‘ಅಯ್ಯೋ ಪಾಪ, ಸೆಕೆಯಲ್ಲಿ ಬೇಯ್ತಿದೆ ಅದು. ಯಾರಾದ್ರೂ ಬಿಚ್ಚಬಾರದಾ?’

ಯಾರೂ ಬಿಚ್ಚುವುದಿಲ್ಲ. ಹಳ್ಳಿಯ ಹೆಂಗಸರ ಜೊತೆ ಡೇಟೆಯ ಮಾತು ಮುಗಿಯುವುದೇ ಇಲ್ಲ, ದಾರಿಯೂ ಮುಗಿಯುವುದಿಲ್ಲ. ಆಗ ಹೈಡಿ ಪೀಟರನ ಮೇಕೆಗಳನ್ನು ನೋಡುತ್ತಾಳೆ. ಅವು ಹೇಗೆ ಹಗುರವಾಗಿ ನೆಗೆಯುತ್ತವೆ ಅಂತ ನೋಡುತ್ತಾಳೆ, ತನ್ನ ಮೈ ನೋಡಿಕೊಳ್ಳುತ್ತಾಳೆ. ನಿಂತಲ್ಲೇ ಶಾಲು ಕಿತ್ತು ಹಾಕುತ್ತಾಳೆ, ಮೇಲಿನ ಅಂಗಿ ಹೋಯಿತು, ಅದರ ಒಳಗಿನದು ಹೋಯಿತು, ಕೊನೆಗೆ ಬಿಳಿ ಒಳಂಗಿಯಲ್ಲಿ ಬರಿಗಾಲಲ್ಲಿ ಮೇಕೆಗಳ ಜೊತೆ ಓಡುತ್ತಾಳೆ. ನಮ್ಮ ಅಮ್ಮ ‘ಹಾ, ಈಗ ಸರಿ!’ ಅಂತ ಗಟ್ಟಿಯಾಗಿ ಹೇಳಿಬಿಟ್ಟರು. ಅಕ್ಕನ ಮಗಳು ನನ್ನ ಕಡೆ ತಿರುಗಿ ನೋಡಿದಳು. ‘ಇದು ನಾನು ನೋಡ್ದಾಗ ಎರಡು ಸೆಕೆಂಡಲ್ಲಿ ಹೋಗಿತ್ತು’ ಅಂದಳು.

ಇದನ್ನೇ ನಾನು ಹೇಳುತ್ತಿರುವುದು! ಆ ಓಟಕ್ಕೆ ಅಷ್ಟು ಹಗುರ ಬಂದದ್ದು ಅದಕ್ಕೂ ಮೊದಲು ಅಷ್ಟು ಹೊತ್ತು ಹತ್ತಿಸಿದ್ದರಿಂದ. ಸೆಕೆ ನಿಮಗೂ ಆಗಬೇಕು. ಆ ಹತ್ತುವುದನ್ನು ನೀವು ಬೆರಳಲ್ಲಿ ತಟ್ಟಿ ದಾಟಿದರೆ ಉಳಿಯುವುದು ಸುಮ್ನೆ ಓಡುವ ಒಂದು ಹುಡುಗಿ.

ಮುಂದಿನ ಕಂತನ್ನು ಅವಳೇ ಹಾಕಿದಳು, ಮಾಮೂಲು ವೇಗದಲ್ಲಿ. ಅಜ್ಜ ಬೆಂಕಿಯ ಮೇಲೆ ಚೀಸ್ ಹಿಡಿದು ಕಾಯಿಸುತ್ತಾನೆ, ಅದು ಮೆಲ್ಲಗೆ ಕರಗುತ್ತದೆ, ಬ್ರೆಡ್ಡಿನ ಮೇಲೆ ಹಾಕಿಕೊಡುತ್ತಾನೆ. ಕರಗುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಬಿಟ್ಟಿದ್ದಾರೆ. ಜಪಾನಿನಲ್ಲಿ ಆಗ ಈ ದೃಶ್ಯ ನೋಡಿದ ಮಕ್ಕಳು ಮುದುಕರಾಗುವ ವಯಸ್ಸಿಗೆ ಬಂದರೂ ಆ ಚೀಸನ್ನು ಮರೆತಿಲ್ಲ. ನಮ್ಮ ಅಮ್ಮ ಚೀಸ್ ತಿಂದವರಲ್ಲ. ‘ಅದೇನು, ಬೆಣ್ಣೆನಾ ಗಿಣ್ಣಾ?’ ಅಂತ ಕೇಳಿದರು, ಎರಡೂ ಅಲ್ಲ ಅಂದರೂ ಬಾಯಲ್ಲಿ ನೀರು ಬಂತು ಅಂದರು.

ಇನ್ನೂ ಒಂದು. ಹೈಡಿಯ ಶುರುವಿನ ಹಾಡನ್ನು ಖಂಡಿತ ದಾಟಿಸಬೇಡಿ. ಅದರಲ್ಲಿ ಹೈಡಿ, ಪೀಟರ್ ಕೈ ಕೈ ಹಿಡಿದು ಕುಣಿಯುವುದಿದೆ. ಅದನ್ನು ಬರೆದವರು ಮೋರಿ ಯಾಸುಜಿ ಅನ್ನುವ ಹಿರಿಯರು. ಅವರಿಗೆ ಕಾಲಿನ ಹೆಜ್ಜೆ ತೋರಿಸುವುದಕ್ಕೆ ಅಂತ ಮಿಯಾಜಾಕಿ ಮತ್ತು ಕೊತಾಬೆ, ಇಬ್ಬರು ದೊಡ್ಡ ಗಂಡಸರು, ಕೈ ಹಿಡಿದುಕೊಂಡು ಕುಣಿದರು, ಅದನ್ನು ಚಿತ್ರೀಕರಿಸಿದರು. ಹಾಡಿನಲ್ಲಿ ಕೇಳುವ ಯೋಡಲ್ ಅನ್ನು, ಅಂದರೆ ಆ ಬೆಟ್ಟದ ಜನ ದನಿ ಏರಿಸಿ ಇಳಿಸಿ ಹಾಡುವುದನ್ನು, ಸ್ವಿಟ್ಜರ್ಲೆಂಡಿನಲ್ಲೇ ಧ್ವನಿಮುದ್ರಣ ಮಾಡಿ ತಂದರು. ಇಷ್ಟು ಕಷ್ಟಪಟ್ಟು ಮಾಡಿದ ಹಾಡಿನ ಮೇಲೆ ಈಗ ಒಂದು ಬಟನ್ ಬರುತ್ತದೆ, ‘ದಾಟಿಸಿ’ ಅಂತ. ನನಗೆ ಸಿಟ್ಟು ಬರುತ್ತದೆ, ಏನು ಮಾಡಲಿ.

ಆಮೇಲೆ ಕ್ಲಾರಾ. ಗಾಲಿಕುರ್ಚಿಯಲ್ಲಿ ಕೂತ ಫ್ರಾಂಕ್‌ಫರ್ಟಿನ ಹುಡುಗಿ. ಮೂರನೇ ಒಂದು ಭಾಗ ಕಥೆ ಮುಗಿದ ಮೇಲೆ ಬರುತ್ತಾಳೆ. ಅವಳು ಎದ್ದು ನಿಲ್ಲುವುದು ಕೊನೆಯ ಮೂರು ಕಂತುಗಳಲ್ಲಿ. ಹೈಡಿ ಜನವರಿಯಲ್ಲಿ ಶುರುವಾಗಿ ಡಿಸೆಂಬರ್ ಕೊನೆಗೆ ಮುಗಿಯಿತು, ಅಂದರೆ ಜಪಾನಿನ ಮಕ್ಕಳು ಕ್ಲಾರಾ ಏಳುವುದಕ್ಕೆ ಅರ್ಧ ವರ್ಷಕ್ಕಿಂತ ಜಾಸ್ತಿ ಕಾದರು. ಕಾದವರು ಅತ್ತರು. ಎರಡು ರಾತ್ರಿಯಲ್ಲಿ ಮುಗಿಸಿದವರಿಗೆ ಆ ಅಳು ಎಲ್ಲಿಂದ ಬರಬೇಕು?

ಗಡಿಯಾರ ನೋಡಿದರೆ ನನಗೆ ಕೊಟ್ಟ ಹೊತ್ತು ಹೈಡಿಗೇ ಹೋಗುತ್ತಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಅದೇ 1974ರ ಅಕ್ಟೋಬರಿನಲ್ಲಿ, ಅದೇ ಭಾನುವಾರ, ಅದೇ ಸಂಜೆ ಏಳೂವರೆಗೆ ಇನ್ನೊಂದು ಚಾನೆಲ್‌ನಲ್ಲಿ ‘ಸ್ಪೇಸ್ ಬ್ಯಾಟಲ್‌ಶಿಪ್ ಯಾಮಾತೊ’ ಶುರುವಾಯಿತು. ಮುಳುಗಿದ ಯುದ್ಧನೌಕೆಯೊಂದು ಬಾಹ್ಯಾಕಾಶಕ್ಕೆ ಹಾರುತ್ತದೆ, ಒಂದು ವರ್ಷದೊಳಗೆ 1,48,000 ಜ್ಯೋತಿರ್ವರ್ಷ ಹೋಗಿ ವಾಪಸ್ ಬರಬೇಕು, ಇಲ್ಲದಿದ್ದರೆ ಭೂಮಿಯ ಮೇಲೆ ಯಾರೂ ಉಳಿಯುವುದಿಲ್ಲ. ಎದುರಿಗೆ ಹೈಡಿ ಇದ್ದಳಲ್ಲ, ಜನ ಅವಳನ್ನೇ ನೋಡಿದರು. 39 ಕಂತು ಅಂದುಕೊಂಡಿದ್ದನ್ನು 26ಕ್ಕೆ ಮೊಟಕು ಮಾಡಿದರು. ಮರುಪ್ರಸಾರ ಆದ ಮೇಲೆ, 1977ರಲ್ಲಿ ಸಿನಿಮಾ ಆಗಿ ಬಂದ ಮೇಲೆ ಜನ ಮುಗಿಬಿದ್ದರು. ಪ್ರತಿ ಕಂತಿನ ಕೊನೆಗೆ ಇನ್ನು ಇಷ್ಟು ದಿನ ಮಾತ್ರ ಉಳಿದಿದೆ ಅಂತ ಲೆಕ್ಕ ತೋರಿಸುತ್ತಾರೆ. ಆ ಲೆಕ್ಕ ವಾರ ವಾರ ಇಳಿಯುತ್ತಾ ಬರಬೇಕು, ಎದೆ ಡವಡವ ಅನ್ನಬೇಕು. ಒಂದೇ ಸಲ ಕೂತು ನೋಡಿದರೆ ಅದು ಬರೀ ಒಂದು ನಂಬರು.

‘ಗಂಡಾಮ್’ ಕೂಡ ಹಾಗೇ. ಮನುಷ್ಯರು ಒಳಗೆ ಕೂತು ನಡೆಸುವ ದೈತ್ಯ ಯಂತ್ರಗಳ ಯುದ್ಧದ ಕಥೆ, 1979ರಲ್ಲಿ ತೊಮಿನೊ ಯೋಶಿಯುಕಿ ಮಾಡಿದ್ದು. 43 ಕಂತಿಗೆ ನಿಲ್ಲಿಸಿದರು, ಆಮೇಲೆ ಮರುಪ್ರಸಾರದಲ್ಲೂ ಪ್ಲಾಸ್ಟಿಕ್ ಮಾಡೆಲ್‌ಗಳಲ್ಲೂ ಎದ್ದು ಕೂತಿತು. ಯಂತ್ರಗಳ ಹೊಡೆದಾಟ ಮಾತ್ರ ನೋಡಿ ಉಳಿದದ್ದನ್ನು ಓಡಿಸುತ್ತಾರೆ. ಅದರಲ್ಲಿ ಬರುವ ಬಾಹ್ಯಾಕಾಶ ಹಡಗಿನಲ್ಲಿ ಮನೆಮಠ ಕಳೆದುಕೊಂಡು ಬಂದ ಜನ ಇದ್ದಾರೆ, ಪುಟ್ಟ ಮಕ್ಕಳಿದ್ದಾರೆ, ಯುದ್ಧಕ್ಕೆ ಹೋಗಲ್ಲ ಅಂತ ಹಾಸಿಗೆಯಲ್ಲಿ ಮುದುಡಿಕೊಳ್ಳುವ ಹುಡುಗ ಇದ್ದಾನೆ. ಕಥೆ ಇರುವುದೇ ಅವರಲ್ಲಿ.

ದೆಜಾಕಿ ಒಸಾಮು ಹೆಸರು ಬರೆದಿಟ್ಟುಕೊಳ್ಳಿ. 1970ರ ‘ಆಶಿತಾ ನೊ ಜೋ’ ಇವರದು, ಬಾಕ್ಸಿಂಗ್ ಹುಡುಗನ ಕಥೆ. ಫ್ರೆಂಚ್ ಕ್ರಾಂತಿಯ ಕಾಲದ ‘ರೋಸ್ ಆಫ್ ವರ್ಸೈ’, 1979ರದು, 40 ಕಂತು, ಅದರ ಎರಡನೇ ಅರ್ಧವನ್ನೂ ಇವರೇ ನಿರ್ದೇಶಿಸಿದರು. ಎದೆ ಒಡೆಯುವ ಗಳಿಗೆ ಬಂತು ಅನ್ನುವಾಗ ಚಲನೆ ನಿಲ್ಲಿಸಿಬಿಡುತ್ತಾರೆ, ತೆರೆಯ ಮೇಲಿನ ಚಿತ್ರ ಹಾಗೇ ದಟ್ಟ ಬಣ್ಣದ ಪೇಂಟಿಂಗ್ ಆಗುತ್ತದೆ. ದುಡ್ಡಿಲ್ಲದ ಕಾಲದ ನಿಂತ ಚಿತ್ರ ಇವರ ಕೈಯಲ್ಲಿ ಏನಾಯಿತು ನೋಡಿ!

ಅದರ ತುದಿ ಮುಟ್ಟಿದ್ದು ‘ಇವಾಂಗೆಲಿಯನ್’, 1995ರದು, ಅನ್ನೊ ಹಿದೆಯಾಕಿ ಮಾಡಿದ್ದು. 24ನೇ ಕಂತಿನಲ್ಲಿ, ದೈತ್ಯ ಯಂತ್ರ ನಡೆಸುವ ಹುಡುಗ ಒಂದು ಭಯಂಕರ ನಿರ್ಧಾರ ಮಾಡಬೇಕು. ಒಂದೇ ಒಂದು ಚಿತ್ರ, ಸುಮಾರು ಒಂದು ನಿಮಿಷ, ಏನೂ ಅಲ್ಲಾಡುವುದಿಲ್ಲ, ಹಿಂದೆ ಬೀಥೋವನ್‌ನ ಒಂಬತ್ತನೇ ಸಿಂಫನಿ. ನೋಡುತ್ತಾ ನೋಡುತ್ತಾ ನಿಮಗೇ ತಡೆಯಲಾಗುವುದಿಲ್ಲ, ಏನಾದರೂ ಒಂದು ಆಗಿಬಿಡಲಿ ಅನಿಸುತ್ತದೆ. ಆ ಹುಡುಗನಿಗೂ ಹಾಗೇ ಅನಿಸುತ್ತಿದೆ. ಎರಡು ಪಟ್ಟು ವೇಗದಲ್ಲಿ ಅದು ಅರ್ಧ ನಿಮಿಷ. ದಯವಿಟ್ಟು ಮಾಡಬೇಡಿ.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ: ಹೈಡಿಯ 52 ಕಂತು ಜಾಸ್ತಿ ಅನಿಸಿದರೆ ‘ಫ್ಯೂಚರ್ ಬಾಯ್ ಕೋನನ್’ ನೋಡಿ. 1978ರಲ್ಲಿ ಜಪಾನಿನ ಎನ್‌ಎಚ್‌ಕೆ ಅನ್ನುವ ಟಿವಿ ಚಾನೆಲ್‌ನಲ್ಲಿ ಬಂತು, ಮಿಯಾಜಾಕಿ ನಿರ್ದೇಶನ, 26 ಕಂತು. ಮಹಾಯುದ್ಧದಲ್ಲಿ ಲೋಕ ಮುಳುಗಿದ ಮೇಲೆ ಪುಟ್ಟ ದ್ವೀಪದಲ್ಲಿ ಅಜ್ಜನ ಜೊತೆ ಬೆಳೆದ ಹುಡುಗ, ಕಾಲ್ಬೆರಳಲ್ಲಿ ವಿಮಾನದ ರೆಕ್ಕೆ ಹಿಡಿದು ನೇತಾಡುವಂಥ ಗಟ್ಟಿಗ. ಸಣ್ಣ ಮಕ್ಕಳಿಗೂ ಹಿಡಿಸುತ್ತದೆ, ಮನೆಯ ದೊಡ್ಡವರಿಗೂ ಹಿಡಿಸುತ್ತದೆ. ಮೊಬೈಲು ಬೇಡ, ಟಿವಿಗೆ ಹಾಕಿ. ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ, ಅವರು ಪ್ರಶ್ನೆ ಕೇಳಿದರೆ ನಿಲ್ಲಿಸಿ ಹೇಳಿ. ವಾರಕ್ಕೆ ಎರಡು ಕಂತು, ಭಾನುವಾರ ಒಂದು, ಬುಧವಾರ ಒಂದು. ಮೂರು ತಿಂಗಳಿಗೆ ಮುಗಿಯುತ್ತದೆ. ಇಷ್ಟು ಹೊತ್ತು ಕೇಳಿದ್ದಕ್ಕೆ ಥ್ಯಾಂಕ್ಸ್, ನಮಸ್ಕಾರ.