ಸೋತ ವರ್ಷಗಳಲ್ಲೂ ಗ್ಯಾಲರಿ ತುಂಬಬೇಕು

ಮಡಿಕೇರಿಯ ಫುಟ್‌ಬಾಲ್ ಬಂಧುಗಳಿಗೆಲ್ಲ ನಮಸ್ಕಾರ.

ಕೆಳಗಿನ ಡಿವಿಷನ್‌ಗೆ ಬಿದ್ದ ಕ್ಲಬ್‌ನವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ. ಮೊದಲು ಮೇಲಕ್ಕೆ ಹೋಗೋಣ, ಆಮೇಲೆ ಜನ ತಾವಾಗಿ ಬರುತ್ತಾರೆ. ನಾನಿದನ್ನು ಒಪ್ಪುವುದಿಲ್ಲ. ಜನರನ್ನು ಸೇರಿಸುವ ಕೆಲಸ ನಡೆಯಬೇಕಾದದ್ದು ಸೋಲುತ್ತಿರುವಾಗಲೇ.

ಇಂಗ್ಲೆಂಡಿನ ಪೋರ್ಟ್ಸ್‌ಮೌತ್ ಕ್ಲಬ್ಬನ್ನೇ ನೋಡಿ. 2008ರಲ್ಲಿ ಅಲ್ಲಿನ ದೊಡ್ಡ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ ಗೆದ್ದಿತ್ತು. 2010ರಲ್ಲಿ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನಿಂದ ಹೊರಬಿತ್ತು. ಸಾಲ ಕುತ್ತಿಗೆಗೆ ಬಂದಿತ್ತು. 2013ರ ಹೊತ್ತಿಗೆ ನಾಲ್ಕನೇ ದರ್ಜೆಗೆ ಇಳಿದು, ಬಾಗಿಲು ಮುಚ್ಚುವ ಸ್ಥಿತಿ. ಆಗ ಕ್ಲಬ್ಬನ್ನು ಕೊಂಡವರು ಅಭಿಮಾನಿಗಳು. ಒಂದು ಷೇರಿಗೆ 1,000 ಪೌಂಡ್. ಒಬ್ಬರ ಕೈಯಲ್ಲಿ ಆಗದಿದ್ದರೆ ಗೆಳೆಯರು ಕೂಡಿ ಒಂದು ಷೇರು ತೆಗೆದುಕೊಂಡರು. ನಾಲ್ಕನೇ ದರ್ಜೆಯ ಆ ಮೊದಲ ವರ್ಷವೇ 10,000ಕ್ಕೂ ಜಾಸ್ತಿ ಸೀಸನ್ ಟಿಕೆಟ್ (ಇಡೀ ವರ್ಷದ ಪಂದ್ಯಗಳಿಗೆ ಒಂದೇ ಟಿಕೆಟ್) ಮಾರಾಟವಾದವು. ಕಪ್ ಗೆಲ್ಲುವ ಆಸೆಯಿಂದ ಯಾರೂ ಅದನ್ನು ಕೊಂಡಿರಲಿಕ್ಕಿಲ್ಲ. ಕ್ಲಬ್ ತಮ್ಮದು, ಅಷ್ಟೇ. 2017ರಲ್ಲಿ ಆ ದರ್ಜೆಯ ಚಾಂಪಿಯನ್ ಆದರು. ಅದೇ ವರ್ಷ ಷೇರುದಾರರು ವೋಟು ಹಾಕಿ ಕ್ಲಬ್ಬನ್ನು ಅಮೆರಿಕದ ಮಾಲೀಕರಿಗೆ ಮಾರಿದರು. 2024ರಲ್ಲಿ ಎರಡನೇ ದರ್ಜೆಗೆ ಮರಳಿದರು. ಬರ್ಲಿನ್‌ನ ಯೂನಿಯನ್ ಕ್ಲಬ್‌ನ ಅಭಿಮಾನಿಗಳಂತೂ 2008-09ರಲ್ಲಿ ಸ್ಟೇಡಿಯಂನ ಗ್ಯಾಲರಿಗಳನ್ನೇ ತಮ್ಮ ಕೈಯಾರೆ ಕಟ್ಟಿದರು.

ಇದು ನಮಗೆ ಹೊಸದೇನೂ ಅಲ್ಲ, ಅಲ್ವಾ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಜನ ಯಾಕೆ ಬರುತ್ತಾರೆ? ಮೈದಾನದಲ್ಲಿ ತಮ್ಮ ಒಕ್ಕದ, ಅಂದರೆ ಮನೆತನದ, ಹೆಸರಿದೆ. ಮೊದಲ ಸುತ್ತಿನಲ್ಲೇ ಸೋತರೂ ಮುಂದಿನ ವರ್ಷ ಮತ್ತೆ ಬರುತ್ತಾರೆ.

ನನಗೆ ಜಾಸ್ತಿ ಚಿಂತೆ ಇರುವುದು ಮಕ್ಕಳ ಬಗ್ಗೆ. ಒಂದು ಕ್ಲಬ್ ಹತ್ತು ವರ್ಷ ಕೆಳಗಿದ್ದರೆ, ಇವತ್ತು ಹನ್ನೆರಡು ವರ್ಷದ ಹುಡುಗಿಗೆ ಅದರ ಒಳ್ಳೆಯ ದಿನಗಳ ನೆನಪೇ ಇರುವುದಿಲ್ಲ. ಅವಳ ಫೋನಿನಲ್ಲಿ ಬಾರ್ಸಿಲೋನಾ ಇದೆ. ಅವಳನ್ನು ಬೈದು ಪ್ರಯೋಜನವಿಲ್ಲ. ನಿಮ್ಮ ಆಟಗಾರರು ಅವಳ ಶಾಲೆಗೆ ಹೋಗಿ ಒಂದು ಸಂಜೆ ಚೆಂಡು ಆಡಲಿ, ಅವಳ ಹೆಸರು ಕೇಳಿಕೊಳ್ಳಲಿ. ಮಕ್ಕಳಿಗೆ ಟಿಕೆಟ್ ಇಡಲೇಬೇಡಿ. ತೋಟದ ಕಾರ್ಮಿಕರ ಲೈನ್‌ಮನೆಗಳ ಮಕ್ಕಳನ್ನಂತೂ ಮರೆಯಬೇಡಿ. ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡಿದವರಿಗೆ ಈ ಜಿಲ್ಲೆಯಲ್ಲಿ ಫುಟ್‌ಬಾಲ್ ಮೇಲೆ ಎಷ್ಟು ಪ್ರೀತಿ ಇದೆ ಎಂದು ಗೊತ್ತು.

ಇನ್ನು ಪಂದ್ಯದ ವೇಳೆ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ವಾರದ ದಿನ ಮ್ಯಾಚ್ ಇಟ್ಟು, ಜನ ಬರಲಿಲ್ಲ ಎಂದು ಬೇಜಾರು ಮಾಡಿಕೊಂಡರೆ ಹೇಗೆ? ಜೂನ್‌ನಿಂದ ಮಳೆ. ನಮಗೆ ಉಳಿಯುವುದು ಏಪ್ರಿಲ್, ಮೇ. ಆಗಲೂ ಭಾನುವಾರ ಮೂರು ಗಂಟೆಗೆ ಶುರುವಾದರೆ ಒಳ್ಳೆಯದು. ಆಟ ಮುಗಿಯುವ ಹೊತ್ತಿಗೆ ಕೊನೆಯ ಬಸ್ ಹೋಗಿಬಿಟ್ಟರೆ, ನಾಪೋಕ್ಲು ಕಡೆಯವರು ಎರಡನೇ ಸಲ ಬರುವುದಿಲ್ಲ. ಈ ಸಲ ಮೊದಲು ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸಿನ ವೇಳೆ ಕೇಳಿಕೊಂಡು ಬನ್ನಿ. ಪಂದ್ಯಗಳ ಪಟ್ಟಿ ಆಮೇಲೆ ಹಾಕಿ.